ಯಾರ ಪಾಲಿಗೆ ಆಗಿಹೋಯಿತು?

ಪತ್ರ: "ಕುಡಿದು ಕಾರು ಓಡಿಸಿ ಇಬ್ಬರ ಮೇಲೆ ಹತ್ತಿಸಿದವನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವನು ಶಿಕ್ಷೆ ಮುಗಿಸಿ ಬಂದಿದ್ದಾನೆ. ಒಂದು ಕ್ಷಣದ ತಪ್ಪಿಗೆ ಇನ್ನೆಷ್ಟು ದಿನ ಬೈಯುತ್ತೀರಿ? ಅವನಿಗೂ ಮಕ್ಕಳಿದ್ದಾರೆ. ಆಗಿದ್ದು ಆಗಿಹೋಯಿತು." – ಓದುಗರೊಬ್ಬರು

ಉತ್ತರ: ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿಸಿದೆ. ಸಿಟ್ಟಿದ್ದರೂ ಹದ ತಪ್ಪದೆ ಬರೆದಿದ್ದೀರಿ. ಅಂಥ ಪತ್ರಗಳು ಈಗ ಕಮ್ಮಿ. ಶಿಕ್ಷೆ ಮುಗಿಸಿದವನಿಗೆ ಕೆಲಸ ಸಿಗಬೇಕು, ಅವನ ಮಕ್ಕಳನ್ನು ಯಾರೂ ಹಂಗಿಸಬಾರದು. ಒಪ್ಪಿದೆ. ಆದರೆ ಆ ಕೊನೆಯ ಸಾಲಿಗೆ ನಿಮ್ಮನ್ನು ಸುಮ್ನೆ ಬಿಡಲಾರೆ.

1988ರ ಮೇ 14ರ ರಾತ್ರಿ ಅಮೆರಿಕದ ಕೆಂಟಕಿ ರಾಜ್ಯದ ಕ್ಯಾರಲ್ಟನ್ ಹತ್ತಿರ, ಚರ್ಚೊಂದರ ಮಕ್ಕಳು ದಿನವಿಡೀ ಆಡಿ ಬಸ್ಸಿನಲ್ಲಿ ಮರಳುತ್ತಿದ್ದರು. ಕುಡಿದವನೊಬ್ಬ ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಪಿಕಪ್ ನುಗ್ಗಿಸಿ ಗುದ್ದಿದ. ಬಸ್ಸಿನ ಟ್ಯಾಂಕಿಗೆ ಬೆಂಕಿ ಹತ್ತಿತು. 27 ಜನ ಸತ್ತರು, ಅವರಲ್ಲಿ 24 ಮಕ್ಕಳು. ಅವನಿಗೆ 16 ವರ್ಷ ಶಿಕ್ಷೆಯಾಯಿತು, 1999ರಲ್ಲಿ ಹೊರಗೆ ಬಂದ. ಸುಟ್ಟುಕೊಂಡು ಬದುಕಿದ ಮಕ್ಕಳಿಗೆ ಅಂಥ ಬಿಡುಗಡೆಯ ತಾರೀಖು ಇರುತ್ತದಾ? ಸುಟ್ಟು ಮಾಗಿದ ಚರ್ಮ ಮೈ ಬೆಳೆದ ಹಾಗೆ ಬೆಳೆಯುವುದಿಲ್ಲ, ಬಿಗಿಯುತ್ತದೆ. ಮಗು ಎತ್ತರವಾಗುತ್ತಾ ಹೋದರೆ ಮತ್ತೆ ಆಪರೇಷನ್, ಮತ್ತೆ ಆಸ್ಪತ್ರೆ.

ನನಗೆ ಗೊತ್ತಿರುವ ಒಂದು ಮನೆಯಿದೆ. ಕುಡಿದವನ ಕಾರು ಗುದ್ದಿ ಆ ಮನೆಯ ಮಗನ ತಲೆಗೆ ಪೆಟ್ಟಾಯಿತು. "ಪ್ರಾಣಾಪಾಯ ಇಲ್ಲ" ಅಂದರು ಡಾಕ್ಟರು. ನೆಂಟರೆಲ್ಲ ನಿಟ್ಟುಸಿರು ಬಿಟ್ಟು ಊರಿಗೆ ಹೋದರು. ಈಗ ಅವನು ನಡೆಯುತ್ತಾನೆ, ಮಾತಾಡುತ್ತಾನೆ. ಹೊರಗಿನವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಹಣದ ಲೆಕ್ಕ ಹಿಡಿಯಲಾರ. ಸಣ್ಣದಕ್ಕೂ ಸಿಡಿದುಬೀಳುತ್ತಾನೆ. ವಾಸನೆಯೇ ಗೊತ್ತಾಗದು, ಒಲೆಯ ಮೇಲೆ ಏನು ಸೀದರೂ ಅಲ್ಲೇ ಕೂತಿರುತ್ತಾನೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟು ಬಿದ್ದರೆ ಸ್ವಭಾವವೇ ಬದಲಾಗಬಹುದು. ಹೆಂಡತಿ ಕೆಲಸ ಬಿಟ್ಟು ಕಾವಲಿಗೆ ಕೂತಿದ್ದಾಳೆ. "ಮದುವೆಯಾದದ್ದು ಬೇರೆ ಮನುಷ್ಯನನ್ನ" ಅಂದಳು ಒಮ್ಮೆ. ವಿಮೆಯವರ ಕಡತದಲ್ಲಿ ಮಾತ್ರ ಇದು ಮುಗಿದ ಕೇಸು.

ಇನ್ನು, ಅದು ಕ್ಷಣದ ತಪ್ಪು ಅಂತೀರಿ. ಅಮಲು ಮೊದಲು ಕೆಡಿಸುವುದೇ ವಿವೇಚನೆಯನ್ನು. ಹಾಗಾಗಿ "ನಾನು ಸರಿಯಾಗೇ ಇದ್ದೀನಿ" ಅನ್ನುವ ಕುಡಿದವನ ಸಾಕ್ಷಿಗೆ ಬೆಲೆಯಿಲ್ಲ. ವಾಪಸ್ ಹೇಗೆ ಬರುವುದು ಅಂತ ಯೋಚಿಸದೆ, ಪೂರ್ತಿ ಎಚ್ಚರದಲ್ಲಿದ್ದಾಗಲೇ ಅವನು ಕಾರಿನ ಕೀ ತೆಗೆದುಕೊಂಡಿದ್ದ. ರಕ್ತದ 100 ಮಿಲಿಲೀಟರಿನಲ್ಲಿ ಗಂಟೆಗೆ ಇಳಿಯುವ ಮದ್ಯಸಾರ ಸುಮಾರು 15 ಮಿಲಿಗ್ರಾಂ. ಕಾಫಿ ಕುಡಿದರೂ, ತಲೆಗೆ ತಣ್ಣೀರು ಸುರಿದುಕೊಂಡರೂ ಅದು ಬೇಗ ಇಳಿಯದು. ರಾತ್ರಿ ಜಾಸ್ತಿ ಕುಡಿದವನ ಮೈಯಲ್ಲಿ ಬೆಳಿಗ್ಗೆಯೂ ಇರುತ್ತದೆ. ನಾರ್ವೆ ದೇಶ 1936ರಲ್ಲೇ 50 ಮಿಲಿಗ್ರಾಂ ಮಿತಿ ಹಾಕಿತ್ತು. ಈಗ ಅಲ್ಲಿ 20.

ನನ್ನ ಸಿಟ್ಟು ಅವನೊಬ್ಬನ ಮೇಲೆ ಅಲ್ಲ ಬಿಡಿ. ಲೋಟ ಖಾಲಿಯಾಗಲು ಬಿಡದ ಗೆಳೆಯರ ಮೇಲೆ. "ನಮ್ಮವನು ಎಷ್ಟು ಹಾಕಿದರೂ ಕೈ ನಡುಗಲ್ಲ" ಅಂತ ಹೊಗಳುವವರ ಮೇಲೆ. ಬಾಗಿಲವರೆಗೆ ಬಂದು ನಗುತ್ತಾ ಬೀಳ್ಕೊಡುವವರು ಮಾರನೇ ದಿನ ಪೊಲೀಸರಿಗೆ ಸಿಗುವುದಿಲ್ಲ, ಅಲ್ವಾ? ನಮ್ಮ ಕಸುಬಿನವರೂ ಹಾಗೇ. ಸತ್ತವರು ತಲೆಬರಹಕ್ಕೆ ಹೋಗುತ್ತಾರೆ, "ಹಲವರಿಗೆ ಗಾಯ" ಕೊನೆಯ ಸಾಲಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ. ಎಲ್ಲ ಬಗೆಯ ಅಪಘಾತ ಸೇರಿ ರಸ್ತೆಯಲ್ಲಿ ವರ್ಷಕ್ಕೆ ಸಾಯುವವರು ಸುಮಾರು 11.9 ಲಕ್ಷ. ಗಾಯಗೊಳ್ಳುವವರು 2 ಕೋಟಿಯಿಂದ 5 ಕೋಟಿ. ನಡುವಿನ ಮೂರು ಕೋಟಿ ಜನ ಇದ್ದಾರೋ ಇಲ್ಲವೋ ಅನ್ನುವುದೂ ಜಗತ್ತಿಗೆ ಗೊತ್ತಿಲ್ಲ!

ಮುಂದಿನ ಸಂಚಿಕೆಯಲ್ಲಿ ಅವನ ಮಾತಿಗೂ ಒಂದು ಪುಟ ಕೊಡುತ್ತೇವೆ, ನಿಮ್ಮ ಮಾತಿಗೆ ಬೆಲೆ ಕೊಟ್ಟು. ಅವನ ಕಾರಿಗೆ ಸಿಕ್ಕವರ ಮನೆಯವರಿಗೆ ಮೂರು ಪುಟ. ಅನ್ಯಾಯ ಅನ್ನಿಸಿದರೆ ಮತ್ತೆ ಬರೆಯಿರಿ, ಅದನ್ನೂ ಹಾಕುತ್ತೇನೆ.

– ಸಂ.