ಓದುಗರ ಪ್ರಶ್ನೆ: ಹತ್ತಿರ ಹೋದಷ್ಟೂ ಮರೆಯಾಗುವ ಭವನ

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಮನೆಮಂದಿಯೊಂದಿಗೆ ದೆಹಲಿಗೆ ಹೋದಾಗ ಇಂಡಿಯಾ ಗೇಟಿನಿಂದ ಕರ್ತವ್ಯ ಪಥದಲ್ಲಿ ನಡೆದೆವು. ದೂರದಿಂದ ಕಾಣುತ್ತಿದ್ದ ರಾಷ್ಟ್ರಪತಿ ಭವನವು ಹತ್ತಿರವಾದಂತೆಲ್ಲ ನೆಲಕ್ಕಿಳಿಯುತ್ತ ಹೋಗಿ, ವಿಜಯ್ ಚೌಕ ತಲಪುವಾಗ ಗುಮ್ಮಟದ ತುದಿಯಷ್ಟೇ ಉಳಿದಿತ್ತು. ಇದು ಬೇಕೆಂದೇ ಮಾಡಿದ್ದೇ, ತಪ್ಪಿ ಆದದ್ದೇ?
– ನಿವೃತ್ತ ಶಿಕ್ಷಕಿ, ಕದ್ರಿ, ಮಂಗಳೂರು

ಉತ್ತರ: ತಪ್ಪಿ ಆದದ್ದು, ಅದೂ ಕಟ್ಟಡ ಮುಗಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ತಪ್ಪೆಂದು ತಿಳಿದಿದ್ದ ತಪ್ಪು. 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ದೊರೆ ಐದನೆಯ ಜಾರ್ಜ್ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಸಾಗಿಸುವುದಾಗಿ ಸಾರಿದ ಮೇಲೆ, ವೈಸರಾಯರ ಅರಮನೆಯ (ಇಂದಿನ ರಾಷ್ಟ್ರಪತಿ ಭವನದ) ವಿನ್ಯಾಸ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ಅವರ ಪಾಲಿಗೂ, ಅದರ ಮುಂದಿನ ಸಚಿವಾಲಯಗಳಾದ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳು ಹರ್ಬರ್ಟ್ ಬೇಕರ್ ಅವರ ಪಾಲಿಗೂ ಬಂದವು. ರೈಸಿನಾ ಗುಡ್ಡದ ನೆತ್ತಿ ಅರಮನೆಯೊಂದಕ್ಕೇ ಇರಲೆಂದು ಲುಟ್ಯೆನ್ಸ್ ಎಣಿಸಿದ್ದರು. ಸಚಿವಾಲಯಗಳೂ ಅದೇ ಎತ್ತರದಲ್ಲಿರಬೇಕೆಂಬ ಬೇಕರ್ ವಾದ ಗೆದ್ದಿತು, ಅರಮನೆ ಪಶ್ಚಿಮಕ್ಕೆ ಹಿಂದೆ ಸರಿಯಿತು.

ಹಿಂದೆ ಸರಿದರೆ ಏನಾಗುತ್ತದೆಂಬುದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡೆಯ ಮೇಲೆ ವಿಶಾಲವಾದ ಅಂಗಳ ಬಿಟ್ಟು, ಅದರಾಚೆ ಕಟ್ಟಿದ ಹಂಚಿನ ಮನೆಯನ್ನು ಕೆಳಗಿನ ರಸ್ತೆಯಲ್ಲಿ ನಿಂತು ನೋಡಿದರೆ ಮಾಡಿನ ತುದಿಯೂ ಹಿತ್ತಲಿನ ತೆಂಗಿನ ತಲೆಯೂ ಕಾಣುತ್ತವೆಯೇ ಹೊರತು ಜಗಲಿ ಕಾಣುವುದಿಲ್ಲ; ಅಂಗಳದ ಅಂಚೇ ಅಡ್ಡ ಬರುತ್ತದೆ. ನೀವು ವಿಜಯ್ ಚೌಕದಲ್ಲಿ ಕಂಡದ್ದು ಇದನ್ನೇ. ಏರು ಹತ್ತಿ ಎರಡು ಬ್ಲಾಕ್‌ಗಳ ನಡುವೆ ಬಂದಾಗ ಭವನ ಮತ್ತೆ ಮೇಲೇಳುತ್ತದೆ.

ಇಳಿಜಾರನ್ನು ತಿದ್ದಬೇಕೆಂಬ ಲುಟ್ಯೆನ್ಸ್ ಸಲಹೆಯನ್ನು 1916ರಲ್ಲಿ ದೆಹಲಿ ನಿರ್ಮಾಣ ಸಮಿತಿ ತಳ್ಳಿಹಾಕಿತು. ಬೇಕರ್ ಕೈಯಲ್ಲಾದ ಈ ಸೋಲನ್ನು ಅವರು ತಮ್ಮ 'ಬೇಕರ್‌ಲೂ' ಎಂದು ಕರೆದರು. ವಾಟರ್‌ಲೂವಿನಲ್ಲಿ ನೆಪೋಲಿಯನ್ ಸೋತದ್ದನ್ನು ನೆನಪಿಸುವ ಆ ಹೆಸರಿನದೇ ಒಂದು ಸುರಂಗ ರೈಲುಮಾರ್ಗ ಲಂಡನ್ನಿನಲ್ಲಿ ಆಗಲೇ ಇತ್ತು. ಆದರೆ ತಪ್ಪನ್ನೆಲ್ಲ ಬೇಕರ್ ತಲೆಗೆ ಕಟ್ಟುವುದು ನನಗೆ ನ್ಯಾಯವೆನಿಸುವುದಿಲ್ಲ. ಆ ಇಳಿಜಾರಿನ ಲೆಕ್ಕಕ್ಕೆ ಮೊದಲು ಒಪ್ಪಿಗೆ ಕೊಟ್ಟವರಲ್ಲಿ ಲುಟ್ಯೆನ್ಸ್ ಕೂಡ ಒಬ್ಬರು.

ಪ್ರಶ್ನೆ: ಗುಡ್ಡವನ್ನು ಇದಕ್ಕಿಂತ ಜಾಣತನದಿಂದ ಬಳಸಿಕೊಂಡ ರಾಜಧಾನಿ ಬೇರೆ ಇದೆಯೇ?
– ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಇದೆ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ. 1912ರ ಸ್ಪರ್ಧೆಯಲ್ಲಿ ಗೆದ್ದ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ಯೋಜನೆಯಲ್ಲಿ (ಅದರ ಸೊಗಸಾದ ಚಿತ್ರಗಳನ್ನು ಬರೆದವರು ಪತ್ನಿ ಮೇರಿಯನ್ ಮಹೋನಿ) ಸಂಸತ್ತಿಗೆ ಕೆಳಗಿನ ದಿಬ್ಬವನ್ನು ಕೊಟ್ಟು, ಕ್ಯಾಪಿಟಲ್ ಹಿಲ್ಲಿನ ನೆತ್ತಿಯನ್ನು ಜನರ ಭವನವೊಂದಕ್ಕೆ ಮೀಸಲಿಡಲಾಗಿತ್ತು. ಕೊನೆಗೆ ನೆತ್ತಿಗೆ ಬಂದದ್ದು 1988ರ ಸಂಸತ್ ಭವನವೇ. ಆದರೆ ಗುಡ್ಡದ ತಲೆಯನ್ನು ಅಗೆದು ತೆಗೆದು, ಕಟ್ಟಡವನ್ನು ಒಳಗೆ ಕೂರಿಸಿ, ಮೇಲೆ ಮತ್ತೆ ಮಣ್ಣು ಹಾಸಿ ಹುಲ್ಲು ಬೆಳೆಸಿದರು. ದೂರಕ್ಕೆ ಎದ್ದು ಕಾಣುವುದು 81 ಮೀಟರ್ ಎತ್ತರದ ಧ್ವಜಸ್ತಂಭ. ಜನಪ್ರತಿನಿಧಿಗಳ ತಲೆಯ ಮೇಲೆ ಜನರು ಓಡಾಡಬಹುದಾಗಿದ್ದ ಆ ಹುಲ್ಲಿನ ಇಳಿಜಾರಿನಲ್ಲಿ ಮಕ್ಕಳು ಉರುಳಿ ಆಡುತ್ತಿದ್ದರು. 2017ರಲ್ಲಿ ಭದ್ರತೆಯ ಕಾರಣಕ್ಕೆ ಅಲ್ಲಿ ಬೇಲಿ ಎದ್ದಿತು.