‘ಎನ್ನಲಾಗಿದೆ’ ಎಂದವರು ಯಾರು?

ಪ್ರಿಯ ಲೇಖಕರೇ,

ನಿಮ್ಮ ‘ತೆರೆಮರೆಯ ಪ್ರಚಾರಕರು’ ಲೇಖನವನ್ನು ಎರಡು ಸಲ ಓದಿದೆ. ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಪಕ್ಷವೂ ಅಲ್ಲದ, ಅಭ್ಯರ್ಥಿಯೂ ಅಲ್ಲದ ಗುಂಪುಗಳು ಕೊಡುವ ಜಾಹೀರಾತಿಗೆ ಮೂಗುದಾರ ಹಾಕಬೇಕು ಎಂಬುದು ನಿಮ್ಮ ವಾದ. ವಿಷಯ ಒಳ್ಳೆಯದು, ಬರವಣಿಗೆಯಲ್ಲಿ ಕಾವು ಇದೆ, ಭಾಷೆ ಎಲ್ಲೂ ತಡವರಿಸುವುದಿಲ್ಲ. ಹೊಗಳಿಕೆ ಇಷ್ಟೇ. ಉಳಿದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಚ್ಚಾಗಬೇಕಿದ್ದ ಲೇಖನವನ್ನು ಆಗದ ಹಾಗೆ ನೀವೇ ಮಾಡಿಟ್ಟಿದ್ದೀರಿ ಎಂಬ ಸಿಟ್ಟು.

ಎರಡನೆಯ ಪ್ಯಾರಾ ನೋಡಿ. ‘ಚುನಾವಣೆ ಘೋಷಣೆಯಾಗುತ್ತಿದ್ದಂತೆ ಕೋಟ್ಯಂತರ ರೂಪಾಯಿ ಸುರಿಯಲಾಗುತ್ತದೆ.’ ಸುರಿಯುವವರು ಯಾರು? ‘ಮತದಾರರ ದಿಕ್ಕು ತಪ್ಪಿಸಲಾಗುತ್ತದೆ.’ ತಪ್ಪಿಸುವವರು ಯಾರು? ‘ಹೊಸ ಹೊಸ ಹೆಸರುಗಳಲ್ಲಿ ಪುಟಗಳನ್ನು ತೆರೆಯಲಾಗುತ್ತದೆ, ಫಲಿತಾಂಶ ಬಂದ ಮೇಲೆ ಮುಚ್ಚಲಾಗುತ್ತದೆ.’ ಇಲ್ಲಿಯೂ ಯಾರೂ ಇಲ್ಲ. ಕೊನೆಗೆ, ‘ಇದರ ಹಿಂದೆ ದೊಡ್ಡ ಹಿತಾಸಕ್ತಿಗಳಿವೆ ಎನ್ನಲಾಗಿದೆ.’ ಜಾಹೀರಾತು ಕೊಟ್ಟವರು ಮುಖ ತೋರಿಸುವುದಿಲ್ಲ ಎಂಬುದೇ ನಿಮ್ಮ ಇಡೀ ದೂರು. ಆ ದೂರಿನ ವಾಕ್ಯಗಳಲ್ಲೂ ಕರ್ತೃ ತಲೆಮರೆಸಿಕೊಂಡರೆ ಓದುಗ ಯಾರನ್ನು ನಂಬಬೇಕು?

‘ಹೆಸರು ಗೊತ್ತಿಲ್ಲದಿರುವುದೇ ಸಮಸ್ಯೆಯಲ್ಲವೇ’ ಎಂದು ನೀವು ಕೇಳಬಹುದು. ಒಪ್ಪಿದೆ. ಹಾಗಾದರೆ ಗೊತ್ತಾಗದೆ ಹೋದದ್ದು ಹೇಗೆ ಎಂಬುದನ್ನಾದರೂ ಬರೆಯಿರಿ. ಫೇಸ್‌ಬುಕ್ ಮತ್ತು ಗೂಗಲ್ 2019ರಿಂದ ಭಾರತದ ರಾಜಕೀಯ ಜಾಹೀರಾತುಗಳ ಸಂಗ್ರಹವನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿವೆ. ನಿಮ್ಮನ್ನು ಕೆರಳಿಸಿದ ಒಂದೇ ಒಂದು ಪುಟವನ್ನು ಆರಿಸಿಕೊಳ್ಳಿ. ಹಣ ಕೊಟ್ಟವರು ಎಂದು ಅಲ್ಲಿ ಯಾವ ಹೆಸರಿದೆ, ಖರ್ಚಿನ ಅಂದಾಜು ಎಷ್ಟಿದೆ, ಆ ಹೆಸರಿನ ಸಂಸ್ಥೆ ಎಲ್ಲಾದರೂ ನೋಂದಣಿಯಾಗಿದೆಯೇ ಎಂದು ಬೆನ್ನು ಹತ್ತಿ. ಜಾಡು ಕಡಿದುಹೋದ ಕಡೆ ನಿಂತು, ಇಲ್ಲಿ ಕಡಿಯಿತು ಎಂದು ಬರೆಯಿರಿ. ನಾನು ಅದನ್ನು ಸಂತೋಷವಾಗಿ ಅಚ್ಚು ಹಾಕುತ್ತೇನೆ.

ನಾನು ಕೆಲಸ ಕಲಿತದ್ದು ಒಂದು ಪತ್ರಿಕೆಯ ರಾತ್ರಿ ಪಾಳಿಯಲ್ಲಿ, ಕರಡು ತಿದ್ದುವ ಮೇಜಿನಲ್ಲಿ. ಚುನಾವಣೆ ಹತ್ತಿರವಾದರೆ ಜಾಹೀರಾತಿನ ಕರಡುಗಳೂ ನಮ್ಮ ಮೇಜಿಗೇ ಬರುತ್ತಿದ್ದವು. ಅರ್ಧ ಪುಟದ ಬೈಗುಳ, ಕೆಳಗೆ ‘ನೊಂದ ನಾಗರಿಕರು’ ಎಂಬ ಸಹಿ. ನಮ್ಮ ಹಿರಿಯ ಉಪಸಂಪಾದಕರು ಆ ಸಹಿಯನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಜಾಹೀರಾತು ವಿಭಾಗದಿಂದ ರಿಲೀಸ್ ಆರ್ಡರ್, ಅಂದರೆ ಜಾಹೀರಾತು ಅಚ್ಚು ಹಾಕಿ ಎಂದು ಕೊಟ್ಟ ಆದೇಶಪತ್ರ, ತರಿಸುತ್ತಿದ್ದರು. ನೊಂದ ನಾಗರಿಕರ ಬಿಲ್ಲು ಯಾರ ವಿಳಾಸಕ್ಕೆ ಹೋಗಬೇಕು ಎಂಬುದು ಅದರಲ್ಲಿ ಇರುತ್ತಿತ್ತು. ಸಾಮಾನ್ಯವಾಗಿ ಒಂದು ಏಜೆನ್ಸಿಯ ಹೆಸರು. ಅದೇ ಏಜೆನ್ಸಿ ಹಿಂದಿನ ವಾರ ಪಕ್ಷವೊಂದರ ಜಾಹೀರಾತನ್ನೂ ಕಳುಹಿಸಿರುತ್ತಿತ್ತು. ಎರಡೂ ಕಾಗದಗಳನ್ನು ನನ್ನ ಮುಂದೆ ಅಕ್ಕಪಕ್ಕ ಇಟ್ಟು, ಒಂದು ಮಾತೂ ಆಡದೆ ಅವರು ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಸುದ್ದಿಯಲ್ಲಿ ‘ಎನ್ನಲಾಗಿದೆ’ ಕಂಡರೂ ಅದೇ ಕೆಂಪು ಸುತ್ತು. (ಜಾಹೀರಾತು ಮಾತ್ರ ಮರುದಿನ ಅಚ್ಚಾಗಿಯೇ ಇರುತ್ತಿತ್ತು. ಜಾಹೀರಾತು ವ್ಯವಸ್ಥಾಪಕರ ಮುಂದೆ ಉಪಸಂಪಾದಕರ ಶಾಯಿ ಯಾವ ಲೆಕ್ಕ!)

ಹೆಸರು ಸಿಗದ ಕಡೆ ಮಾತ್ರ ಹೀಗೆ ಕರ್ತೃವಿಲ್ಲದೆ ಬರೆದಿದ್ದರೆ ಕ್ಷಮಿಸುತ್ತಿದ್ದೆ. ಆದರೆ ನಾಲ್ಕನೆಯ ಪ್ಯಾರಾದಲ್ಲಿ ‘ಕಾಲಕ್ರಮೇಣ ನಿಯಮಗಳನ್ನು ಸಡಿಲಗೊಳಿಸಲಾಯಿತು’ ಎಂದಿದ್ದೀರಿ. ಇದು ದಾಖಲೆಯಲ್ಲಿರುವ ಸಂಗತಿ. ಅಭ್ಯರ್ಥಿಗೆ ಗೊತ್ತಿದ್ದೇ ಪಕ್ಷ ಅವನಿಗಾಗಿ ಹಣ ಖರ್ಚು ಮಾಡಿದರೆ ಅದನ್ನು, ಕಾನೂನಿನ ಮಿತಿಯಿರುವ ಅವನ ಚುನಾವಣಾ ಖರ್ಚಿನ ಲೆಕ್ಕಕ್ಕೇ ಸೇರಿಸಬೇಕು ಎಂದು ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿತು. ಅದೇ ವರ್ಷ ಸಂಸತ್ತು ಜನಪ್ರತಿನಿಧಿ ಕಾಯ್ದೆಯ 77ನೇ ಕಲಮಿಗೆ ಒಂದು ವಿವರಣೆ ಸೇರಿಸಿ, ಪಕ್ಷವಾಗಲಿ, ಬೇರೆ ಯಾವುದೇ ಸಂಘವಾಗಲಿ, ವ್ಯಕ್ತಿಯಾಗಲಿ ಮಾಡಿದ ಖರ್ಚು ಅಭ್ಯರ್ಥಿಯ ಖರ್ಚಲ್ಲ ಎಂದುಬಿಟ್ಟಿತು. ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದ್ದು 2003ರ ತಿದ್ದುಪಡಿ. ಸಡಿಲಗೊಳಿಸಿದ್ದು ಸಂಸತ್ತು ಎಂದು ಬರೆಯಲು ನಿಮಗೆ ಯಾರ ಭಯ?

ಮುಂದಿನ ಸಾಲು: ‘ಇದನ್ನು ತಡೆಯುವ ಕಾನೂನೇ ನಮ್ಮಲ್ಲಿಲ್ಲ.’ ಇದೆ. 1920ರಿಂದಲೂ ಇದೆ. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವನ ಗೆಲುವಿಗಾಗಿ ಜಾಹೀರಾತಿಗೆ ಹಣ ಹಾಕುವುದು ದಂಡ ಸಂಹಿತೆಯ 171ಎಚ್ ಕಲಮಿನ ಪ್ರಕಾರ ಅಪರಾಧವಾಗಿತ್ತು. ದಂಡ ಹೆಚ್ಚೆಂದರೆ 500 ರೂಪಾಯಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮು, ದಂಡ 10,000 ರೂಪಾಯಿಯವರೆಗೆ. ಕೋಟಿ ಸುರಿಯುವವರಿಗೆ ಇದು ಚಿಲ್ಲರೆ. ಅದಿರಲಿ, ಯಾವ ಅಭ್ಯರ್ಥಿಯ ಹೆಸರನ್ನೂ ಎತ್ತದೆ ಒಂದು ಯೋಜನೆಯನ್ನು ಹೊಗಳುವ ಅಥವಾ ತೆಗಳುವ ಜಾಹೀರಾತು ಈ ಕಲಮಿನ ಕೈಗೆ ಸಿಗುವುದೂ ಕಷ್ಟ. ನಿಮ್ಮ ಲೇಖನದ ಹೂರಣ ಇಲ್ಲಿತ್ತು. ‘ಕಾನೂನೇ ಇಲ್ಲ’ ಎಂದು ದಾಟಿಕೊಂಡು ಹೋದಿರಿ.

ನನ್ನನ್ನು ಹೆಚ್ಚು ಕಾಡಿದ ಸಾಲು ಇನ್ನೊಂದಿದೆ. ‘ಮುಂದುವರಿದ ದೇಶಗಳಂತೆ ನಮ್ಮಲ್ಲೂ ಹೊರಗಿನವರ ಪ್ರಚಾರವನ್ನು ಸಂಪೂರ್ಣ ನಿಷೇಧಿಸಬೇಕು.’ ಯಾವ ದೇಶ? ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಕಂಪನಿಗಳೂ ಕಾರ್ಮಿಕ ಸಂಘಗಳೂ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಕೆನಡಾ 2000ದ ಕಾನೂನಿನಲ್ಲಿ ದೇಶಕ್ಕೆಲ್ಲ 1.5 ಲಕ್ಷ ಡಾಲರ್, ಒಂದು ಕ್ಷೇತ್ರಕ್ಕೆ 3,000 ಡಾಲರ್ ಎಂದು ಮಿತಿ ಹಾಕಿತು, ಅಲ್ಲಿನ ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಎತ್ತಿಹಿಡಿಯಿತು. ಮಿತಿ ಎಂದರೆ ನಿಷೇಧವಲ್ಲ.

ನಿಷೇಧಕ್ಕೆ ಹತ್ತಿರ ಹೋದದ್ದು ಬ್ರಿಟನ್. ಅಲ್ಲಿ ಹೊರಗಿನವರೊಬ್ಬರು ಒಬ್ಬ ಅಭ್ಯರ್ಥಿಯ ಪರವಾಗಿಯೋ ವಿರುದ್ಧವಾಗಿಯೋ ಖರ್ಚು ಮಾಡಬಹುದಾಗಿದ್ದದ್ದು ಐದು ಪೌಂಡ್. ಗರ್ಭಪಾತ ವಿರೋಧಿ ಸಂಘಟನೆಯ ಮುಖ್ಯಸ್ಥೆ ಫಿಲಿಸ್ ಬೌಮನ್ 1992ರ ಚುನಾವಣೆಯಲ್ಲಿ, ಗರ್ಭಪಾತದ ಬಗ್ಗೆ ಯಾವ ಅಭ್ಯರ್ಥಿಯ ನಿಲುವು ಏನೆಂದು ಹೇಳುವ ಕರಪತ್ರ ಹಂಚಿಸಿದರು. ಹ್ಯಾಲಿಫ್ಯಾಕ್ಸ್ ಒಂದರಲ್ಲೇ ಸುಮಾರು 25,000. ಸರ್ಕಾರ ಮೊಕದ್ದಮೆ ಹೂಡಿತು. ಐದು ಪೌಂಡಿನ ಮಿತಿ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1998ರಲ್ಲಿ ತೀರ್ಪಿತ್ತ ಮೇಲೆ ಬ್ರಿಟನ್ ಅದನ್ನು 500 ಪೌಂಡಿಗೆ ಏರಿಸಿತು. ಆಕೆಯ ಅಭಿಪ್ರಾಯ ನನ್ನದಲ್ಲ, ನಿಮ್ಮದೂ ಇರಲಿಕ್ಕಿಲ್ಲ. ಆದರೂ ನೀವು ಕೇಳುತ್ತಿರುವ ಕಾನೂನು ಆಕೆಯನ್ನೂ ಹಿಡಿಯುತ್ತದೆ, ಬೆಂಬಲ ಬೆಲೆಗಾಗಿ ಕರಪತ್ರ ಹಂಚುವ ರೈತ ಸಂಘವನ್ನೂ ಹಿಡಿಯುತ್ತದೆ. ‘ಹೊರಗಿನವರು’ ಎಂದರೆ ನಿಮ್ಮ ಲೆಕ್ಕದಲ್ಲಿ ಯಾರು, ಎಷ್ಟು ಹಣದ ಮೇಲೆ ಅವರು ಹೆಸರು ಬರೆಸಬೇಕು, ಎಷ್ಟರ ಮೇಲೆ ನಿಲ್ಲಿಸಬೇಕು? ಎಂಟು ಪುಟಗಳಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ಅಂಕಿ ಅಂಶ, ಪೀಠಿಕೆ, ಉಪಶೀರ್ಷಿಕೆಗಳ ಗೋಜಿಗೆ ನಾನು ಹೋಗುವುದಿಲ್ಲ. ಅವನ್ನು ಕಚೇರಿಯಲ್ಲೇ ಸರಿಮಾಡಬಹುದು. ವಾಕ್ಯಗಳಿಗೆ ಕರ್ತೃವನ್ನು ಕೊಡುವುದು, ‘ಹೊರಗಿನವರು’ ಯಾರು, ಮಿತಿ ಎಷ್ಟು ಎಂದು ಹೇಳುವುದು, ಈ ಎರಡನ್ನು ನೀವೇ ಮಾಡಬೇಕು. ತಿದ್ದಿದ ಪ್ರತಿಯನ್ನು ಮುಂದಿನ ಸಂಚಿಕೆಯ ಹೊತ್ತಿಗೆ ಕಳುಹಿಸಿ. ಶೀರ್ಷಿಕೆ ಹಾಗೇ ಇರಲಿ, ಚೆನ್ನಾಗಿದೆ. ಪ್ರಜಾಪ್ರಭುತ್ವದ ದೇಗುಲ ಬಿರುಕು ಬಿಡುತ್ತಿದೆ ಎಂಬ ಕೊನೆಯ ಪ್ಯಾರಾವನ್ನು ಮಾತ್ರ ದಯವಿಟ್ಟು ತೆಗೆದುಹಾಕಿ.

ಇಂತಿ,
ಸಂಪಾದಕ