ಆರೋಗ್ಯವಾಗಿರುವ ಪ್ರಾಣಿಯನ್ನು ಮೃಗಾಲಯವೇ ಕೊಲ್ಲಬಹುದೇ?

ಓದುಗರ ಪ್ರಶ್ನೆಗಳಿಗೆ ಮೃಗಾಲಯ ಪಶುವೈದ್ಯರ ಉತ್ತರ

ಪ್ರಶ್ನೆ: ಸರ್, ನಾವು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಇದ್ದೇವೆ. ಮಗಳನ್ನು ಪಕ್ಕದ ನ್ಯೂರೆಂಬರ್ಗ್ ಮೃಗಾಲಯಕ್ಕೆ ಆಗಾಗ ಕರೆದುಕೊಂಡು ಹೋಗುತ್ತಿದ್ದೆವು. ಅಲ್ಲಿ 12 ಬಬೂನ್‌ಗಳನ್ನು (ಒಂದು ಜಾತಿಯ ದೊಡ್ಡ ಕೋತಿಗಳು) ಜಾಗ ಸಾಲದು ಎಂದು ಗುಂಡಿಟ್ಟು ಕೊಂದು, ಅಲ್ಲಿನ ಮಾಂಸಾಹಾರಿ ಪ್ರಾಣಿಗಳಿಗೆ ಹಾಕಿದ್ದಾರೆ. "ನೋವಾಗದಂತೆ ಕೊಂದಿದ್ದಾರೆ, ಮಾಂಸವೂ ಹಾಳಾಗಲಿಲ್ಲ, ಇದರಲ್ಲಿ ತಪ್ಪೇನು?" ಎಂದು ಇಲ್ಲಿನ ಸಹೋದ್ಯೋಗಿಗಳು ಕೇಳುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಮೊದಲು ನಡೆದದ್ದೇನು ಎಂಬುದನ್ನು ನೋಡೋಣ. ನ್ಯೂರೆಂಬರ್ಗ್‌ನ ಬಬೂನ್ ಆವರಣವನ್ನು ಸುಮಾರು 25 ದೊಡ್ಡ ಪ್ರಾಣಿಗಳು ಮತ್ತು ಅವುಗಳ ಮರಿಗಳಿಗೆಂದು ಕಟ್ಟಿದ್ದರು. ಗುಂಪು ನಲವತ್ತು ದಾಟಿತು. ಇವು ಗಿನಿ ಬಬೂನ್‌ಗಳು, ಪಶ್ಚಿಮ ಆಫ್ರಿಕಾದವು, ಗುಂಪು ಕಟ್ಟಿಕೊಂಡು ಬದುಕುವವು. ಇಕ್ಕಟ್ಟಾದರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಕೆಲವನ್ನು ಬೇರೆ ಮೃಗಾಲಯಗಳಿಗೆ ಕಳಿಸಿದರು, ಸಂತಾನ ನಿರೋಧಕವನ್ನೂ ಪ್ರಯತ್ನಿಸಿದರು, ಸಾಲಲಿಲ್ಲ. ಕೊಲ್ಲುವ ಸಾಧ್ಯತೆಯನ್ನು 2024ರ ಫೆಬ್ರವರಿಯಲ್ಲೇ ಬಹಿರಂಗವಾಗಿ ಹೇಳಿದರು. 2025ರ ಜುಲೈ 29ರಂದು ಮೃಗಾಲಯದ ಬಾಗಿಲು ಮುಚ್ಚಿ ಕೊಂದರು. ಬೇಲಿ ಹಾರಿ ಒಳಹೊಕ್ಕ ಪ್ರತಿಭಟನಕಾರರನ್ನು ಪೊಲೀಸರು ಹಿಡಿದೊಯ್ದರು.

ಕದ್ದು ಮಾಡಿದ ಕೆಲಸವಲ್ಲ, ಹಿಂಸೆ ಕೊಟ್ಟು ಮಾಡಿದ್ದೂ ಅಲ್ಲ. ಮಾಂಸಾಹಾರಿ ಪ್ರಾಣಿಗಳಿಗೆ ಹಾಕಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನಮ್ಮ ಮೃಗಾಲಯಗಳ ಹುಲಿ, ಸಿಂಹಗಳಿಗೂ ವಾರಕ್ಕೊಂದು ಉಪವಾಸದ ದಿನ ಬಿಟ್ಟರೆ ದಿನವೂ ಮಾಂಸ ಬೇಕು. ಆ ಮಾಂಸವೂ ಯಾವುದೋ ಪ್ರಾಣಿಯದೇ. ಹೆಸರಿಲ್ಲದ ಕೋಣಕ್ಕೆ ಮರುಗದವರು ಹೆಸರಿರುವ ಮೃಗಾಲಯದ ಪ್ರಾಣಿಗೆ ಕಣ್ಣೀರಿಟ್ಟರೆ, "ಆ ಕೋಣದ ಗತಿ ಏನು?" ಎಂದು ಕೇಳುವ ಹಕ್ಕು ಎದುರಿನವರಿಗೆ ಇದ್ದೇ ಇದೆ.

ಹಾಗಾದರೆ ತಪ್ಪೆಲ್ಲಿ? "ನೋವಿಲ್ಲದ ಸಾವಿನಿಂದ ಪ್ರಾಣಿಗೆ ನಷ್ಟವೇನಿಲ್ಲ" ಎಂಬ ಊಹೆಯಲ್ಲಿದೆ. ಮೃಗಾಲಯದಲ್ಲಿ ಬಬೂನ್ ಮೂವತ್ತು ವರ್ಷ ಬದುಕಬಲ್ಲದು. ತಿನ್ನುವುದು, ಬಿಸಿಲು ಕಾಯುವುದು, ಒಂದರ ಮೈಯ ಹೇನು ಇನ್ನೊಂದು ಹೆಕ್ಕುವುದು, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದು, ಇವು ಅದಕ್ಕೆ ಬೇಕಾದ ಸಂಗತಿಗಳು. ಗುಂಡು ಕಸಿದುಕೊಂಡದ್ದು ಮುಂದಿನ ಅಷ್ಟೂ ವರ್ಷಗಳನ್ನು. ನೋವು ಕೊಡದಿರುವುದು ಕೊಲ್ಲುವವರ ಕನಿಷ್ಠ ಕರ್ತವ್ಯ. ಕೊಲ್ಲುವುದಕ್ಕೆ ಅದೇ ಸಮರ್ಥನೆ ಆಗಲಾರದು.

ಎರಡನೆಯದು ಇನ್ನೂ ಮುಖ್ಯ. "ಜಾಗವಿಲ್ಲ" ಎನ್ನುವುದು ಬರ, ನೆರೆಯ ಹಾಗೆ ಹೊರಗಿನಿಂದ ಬಂದೆರಗಿದ್ದಲ್ಲ. ಆವರಣ ಎಷ್ಟು ದೊಡ್ಡದಿರಬೇಕು, ಯಾವ ಗಂಡನ್ನು ಯಾವ ಹೆಣ್ಣಿನ ಜೊತೆ ಬಿಡಬೇಕು ಎಂದು ತೀರ್ಮಾನಿಸಿದವರು ಮೃಗಾಲಯದವರೇ. ಆ ತೀರ್ಮಾನದಲ್ಲಿ ಪ್ರಾಣಿಗೆ ಪಾಲಿರಲಿಲ್ಲ. ಹುಟ್ಟಿಸುವ ತೀರ್ಮಾನ ಯಾರದೋ, ಸಾಕುವ ಹೊಣೆಯೂ ಅವರದೇ. ನಿಮ್ಮ ಮನಸ್ಸು ಒಪ್ಪದಿರುವುದು ಬರೀ ಭಾವುಕತೆ ಎಂದು ನನಗೆ ಅನ್ನಿಸುವುದಿಲ್ಲ.

ನೀವಿರುವ ದೇಶದ ಕಾನೂನೂ ಇದಕ್ಕೆ ಸಮೀಪದಲ್ಲೇ ನಿಂತಿದೆ. ಸಮರ್ಥನೀಯ ಕಾರಣವಿಲ್ಲದೆ ಪ್ರಾಣಿಗೆ ನೋವನ್ನಾಗಲಿ ಹಾನಿಯನ್ನಾಗಲಿ ಮಾಡಬಾರದು ಎಂಬುದು ಜರ್ಮನಿಯ ಪ್ರಾಣಿ ರಕ್ಷಣಾ ಕಾಯ್ದೆಯ ಮೊದಲ ಕಲಮು. 2008ರಲ್ಲಿ ಮ್ಯಾಗ್ಡೆಬರ್ಗ್ ಮೃಗಾಲಯದಲ್ಲಿ ಮೂರು ಹುಲಿಮರಿಗಳು ಹುಟ್ಟಿದವು. ತಂದೆ ಅಪ್ಪಟ ಸೈಬೀರಿಯನ್ ಹುಲಿಯಲ್ಲ, ಬೆರಕೆ ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ತಳಿ ಸಂವರ್ಧನೆಗೆ ಬಾರದ ಮರಿಗಳೆಂದು ಹುಟ್ಟಿದ ಕೂಡಲೇ ಕೊಂದರು. 2010ರಲ್ಲಿ ಅಲ್ಲಿನ ನ್ಯಾಯಾಲಯ ನಿರ್ದೇಶಕರನ್ನೂ ಮೂವರು ಸಿಬ್ಬಂದಿಯನ್ನೂ ತಪ್ಪಿತಸ್ಥರೆಂದು ಹೇಳಿತು. ತಳಿಗೆ ಉಪಯೋಗವಿಲ್ಲ ಎಂಬುದು ಕೊಲ್ಲಲು ಸಾಕಾಗುವ ಕಾರಣವಲ್ಲ ಎಂದಂತಾಯಿತು. ಸಹೋದ್ಯೋಗಿಗಳ ಮುಂದೆ ಈ ಪ್ರಕರಣ ಇಡಿ, ಚರ್ಚೆ ಮುಂದುವರಿಯುತ್ತದೆ.

ಬಬೂನ್‌ಗಳ ವಿಚಾರ ಇದಕ್ಕಿಂತ ಕಠಿಣ ಎಂಬುದನ್ನೂ ಹೇಳಬೇಕು. ಕಚ್ಚಾಟದಲ್ಲಿ ದಿನವೂ ಗಾಯಗೊಳ್ಳುವ ಗುಂಪನ್ನು ಹಾಗೆಯೇ ಬಿಡುವುದೂ ಹಿಂಸೆಯೇ. ಎಲ್ಲ ದಾರಿಯೂ ನಿಜಕ್ಕೂ ಮುಚ್ಚಿಹೋದ ಮೇಲೆ, ಕೊನೆಯದಾಗಿ, ಕೆಲವನ್ನು ಕೊಲ್ಲುವ ತೀರ್ಮಾನವನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಇಂಥದ್ದು ನಡೆದ ಮೃಗಾಲಯ ಮಾರನೆಯ ದಿನದಿಂದಲೇ ಆ ಗುಂಪಿನಲ್ಲಿ ಹುಟ್ಟನ್ನು ಬಿಗಿಯಾಗಿ ತಡೆಯಬೇಕು. ಮತ್ತೆ ಮರಿ, ಮತ್ತೆ ಗುಂಡು ಎಂದಾದರೆ ಅದನ್ನು ಕೊನೆಯ ದಾರಿ ಎನ್ನಲಾಗದು, ಅದು ಪದ್ಧತಿಯಾಗಿಬಿಟ್ಟಿರುತ್ತದೆ.

ಪ್ರಶ್ನೆ: ಹೆಚ್ಚಾದ ಪ್ರಾಣಿಗಳನ್ನು ಕಾಡಿಗೆ ಬಿಡಬಹುದಲ್ಲ? ಇಲ್ಲವೇ ಮರಿಯಾಗದಂತೆ ಆಪರೇಷನ್ ಮಾಡಬಹುದಲ್ಲ? ಡೆನ್ಮಾರ್ಕ್‌ನವರು ಜಿರಾಫೆಯನ್ನು ಕೊಂದಾಗ ಸಾಕುತ್ತೇವೆ ಎಂದು ಮುಂದೆ ಬಂದವರಿಗೂ ಕೊಡಲಿಲ್ಲವಂತೆ. ಏಕೆ? (ಶಿವಮೊಗ್ಗದ ಶಿಕ್ಷಕಿಯೊಬ್ಬರು)

ಉತ್ತರ: ಕಾಡಿನ ಮಾತು ಬೇಗ ಮುಗಿಯುತ್ತದೆ ಮೇಡಂ. ತೊಟ್ಟಿಯಲ್ಲಿ ಹಾಕಿದ್ದನ್ನು ತಿಂದು ಬೆಳೆದ ಪ್ರಾಣಿಗೆ ಮೇವು ಹುಡುಕುವುದು, ಶತ್ರುವಿನಿಂದ ತಪ್ಪಿಸಿಕೊಳ್ಳುವುದು ಗೊತ್ತಿರುವುದಿಲ್ಲ. ರೋಗವನ್ನೂ ಒಯ್ಯಬಹುದು. ಬಿಟ್ಟು ಕೈತೊಳೆದುಕೊಂಡರೆ ಸಾವು ನಮ್ಮ ಕಣ್ಣಿಗೆ ಬೀಳದು, ಅಷ್ಟೇ ವ್ಯತ್ಯಾಸ.

ನೀವು ಕೇಳಿದ ಜಿರಾಫೆಯ ಹೆಸರು ಮಾರಿಯಸ್. ಕೋಪನ್‌ಹೇಗನ್ ಮೃಗಾಲಯದಲ್ಲಿ 2014ರ ಫೆಬ್ರವರಿ 9ರ ಬೆಳಿಗ್ಗೆ ನಡೆದದ್ದು. ಎರಡು ವರ್ಷದ ಗಂಡು, ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಅದಕ್ಕೆ ಇಷ್ಟವಾದ ರೈ ಬ್ರೆಡ್ಡು ಹಿಡಿದು ಕರೆದರು, ತಿನ್ನಲು ಬಗ್ಗಿದಾಗ ಪಶುವೈದ್ಯರು ತಲೆಗೆ ಗುಂಡು ಹೊಡೆದರು. ಚುಚ್ಚುಮದ್ದು ಕೊಟ್ಟಿದ್ದರೆ ಔಷಧ ಮಾಂಸದಲ್ಲಿ ಉಳಿದು ಸಿಂಹಗಳಿಗೆ ಹಾಕುವಂತಿರಲಿಲ್ಲ. ಆಮೇಲೆ ಮಕ್ಕಳು ಸೇರಿದಂತೆ ನೆರೆದಿದ್ದ ಜನರ ಎದುರು ದೇಹವನ್ನು ಕೊಯ್ದು ಅಂಗಾಂಗ ವಿವರಿಸಿದರು. ಉಳಿಸಿ ಎಂದು ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಬ್ರಿಟನ್ನಿನ ಯಾರ್ಕ್‌ಷೈರ್ ವೈಲ್ಡ್‌ಲೈಫ್ ಪಾರ್ಕ್ ಇಟ್ಟುಕೊಳ್ಳಲು ಮುಂದೆ ಬಂದಿತ್ತು. ಕೊಡಲಿಲ್ಲ.

ಮೃಗಾಲಯದ ಆಗಿನ ವೈಜ್ಞಾನಿಕ ನಿರ್ದೇಶಕ ಬೆಂಗ್ಟ್ ಹೋಲ್ಸ್ಟ್ ಕೊಟ್ಟ ಕಾರಣ ಇದು: ಮಾರಿಯಸ್‌ನ ವಂಶವಾಹಿಗಳು ಯುರೋಪಿನ ಜಿರಾಫೆಗಳಲ್ಲಿ ಈಗಾಗಲೇ ಸಾಕಷ್ಟಿವೆ. ಎಲ್ಲ ಮೃಗಾಲಯಗಳ ಜಿರಾಫೆಗಳನ್ನೂ ಒಂದೇ ಹಿಂಡೆಂದು ಲೆಕ್ಕ ಹಿಡಿದು ನಡೆಸುವಾಗ, ಇರುವ ಜಾಗ ಅಪರೂಪದ ವಂಶದ ಪ್ರಾಣಿಗೆ ಸಿಗಬೇಕು, ಇಲ್ಲದಿದ್ದರೆ ಹತ್ತಿರದ ಸಂಬಂಧಿಗಳೇ ಕೂಡಿ ಒಳಸಂತಾನ ಹೆಚ್ಚುತ್ತದೆ. ಯುರೋಪಿನ ಮೃಗಾಲಯಗಳ ಒಕ್ಕೂಟವೂ ಅವರ ಬೆನ್ನಿಗೆ ನಿಂತಿತು. ಒಕ್ಕೂಟದ ಆಗಿನ ಮುಖ್ಯಸ್ಥೆ ಬಿಬಿಸಿಗೆ ಕೊಟ್ಟ ಅಂದಾಜಿನಂತೆ, ಹೀಗೆ ವರ್ಷಕ್ಕೆ 3,000ದಿಂದ 5,000 ಪ್ರಾಣಿಗಳನ್ನು ಯುರೋಪಿನ ಮೃಗಾಲಯಗಳಲ್ಲಿ ಕೊಲ್ಲಲಾಗುತ್ತಿತ್ತು. ಅದರಲ್ಲಿ ಕೀಟ, ಗೊದಮೊಟ್ಟೆಗಳೂ ಸೇರಿದ್ದವು.

ಆಪರೇಷನ್ನಿನ ಪ್ರಶ್ನೆಗೆ ಬರೋಣ, ಏಕೆಂದರೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಅಮೆರಿಕದ ಮೃಗಾಲಯಗಳು ಹೆಚ್ಚಾಗಿ ಹುಟ್ಟನ್ನೇ ತಡೆಯುತ್ತವೆ. ಗಂಡಿಗೆ ವ್ಯಾಸೆಕ್ಟಮಿ (ವೀರ್ಯನಾಳ ಕತ್ತರಿಸುವ ಆಪರೇಷನ್), ಹೆಣ್ಣಿಗೆ ಹಾರ್ಮೋನಿನ ಪೆಲೆಟ್, ಅಥವಾ ಗಂಡು ಹೆಣ್ಣುಗಳನ್ನು ಬೇರೆ ಇಡುವುದು. ಪೆಲೆಟ್ ಎಂದರೆ ಅಕ್ಕಿಕಾಳಿಗಿಂತ ತುಸು ಉದ್ದದ ಗುಳಿಗೆ, ದಪ್ಪ ಸೂಜಿಯಿಂದ ಚರ್ಮದಡಿಗೆ ಕೂರಿಸಿದರೆ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಆದರೆ ತೊಂದರೆ ಇಲ್ಲವೆಂದಲ್ಲ. ವರ್ಷಾನುಗಟ್ಟಲೆ ಗರ್ಭ ಕಟ್ಟದ ಸಿಂಹಿಣಿ, ಹುಲಿಗಳಲ್ಲಿ ಗರ್ಭಕೋಶ ಕೀವುಗಟ್ಟುವುದುಂಟು. ಕೆಲವು ಹೆಣ್ಣುಗಳು ಔಷಧ ನಿಲ್ಲಿಸಿದ ಮೇಲೂ ಗರ್ಭ ಧರಿಸುವುದಿಲ್ಲ. ಹತ್ತು ವರ್ಷ ಮರಿಯೇ ಹುಟ್ಟದ ಹಿಂಡಿನಲ್ಲಿ ಮುದಿ ಪ್ರಾಣಿಗಳಷ್ಟೇ ಉಳಿದು, ಮುಂದೆ ಬೇಕೆಂದರೂ ವಂಶ ಮುಂದುವರಿಯದು. ಅಳಿವಿನಂಚಿನ ಜೀವಿಗಳ ವಿಷಯದಲ್ಲಿ ಈ ಭಯ ನಿಜವಾದದ್ದು. ಮರಿ ಹೆತ್ತು ಸಾಕುವುದು ಪ್ರಾಣಿಯ ಸಹಜ ಜೀವನದ ದೊಡ್ಡ ಭಾಗ, ಅದನ್ನೇ ಕಸಿದರೆ ಉಳಿಯುವುದೇನು ಎಂದೂ ಡೆನ್ಮಾರ್ಕ್‌ನವರು ಕೇಳುತ್ತಾರೆ. ತಾಯಿ ಪ್ರಾಣಿ ಮರಿಯ ಮೈ ನೆಕ್ಕಿ ಎಬ್ಬಿಸುವುದನ್ನು ನೋಡಿದ ಯಾರಿಗೂ ಈ ವಾದ ಹಗುರ ಎನ್ನಿಸದು.

ಆದರೂ ನಾನು ಆ ಕಡೆ ವಾಲಲಾರೆ. ಮರಿ ಸಾಕಿದ ಸುಖ ತಾಯಿಗೆ, ನೋಡಿದ ಖುಷಿ ಟಿಕೆಟ್ಟು ಕೊಂಡವರಿಗೆ, ಬೆಲೆ ತೆರುವುದು ಮಾತ್ರ ಮರಿ. ಮುದ್ದಾಗಿರುವಷ್ಟು ದಿನ ಜನರನ್ನು ಸೆಳೆದು, ಬೆಳೆದ ಮೇಲೆ ಹೆಚ್ಚುವರಿ ಎನ್ನಿಸಿಕೊಳ್ಳುತ್ತದೆ. ಮಾರಿಯಸ್‌ನ ತಂದೆತಾಯಿಗಳ ವಂಶ ಸಾಕಷ್ಟಿದೆ ಎಂಬುದು ಅವು ಕೂಡುವ ಮೊದಲೇ ದಾಖಲೆ ಪುಸ್ತಕ ನೋಡಿದರೆ ತಿಳಿಯುವಂಥದ್ದು. ಕಾಯಿಲೆಯ ಭಯವನ್ನು ಪಶುವೈದ್ಯರು ನಿಭಾಯಿಸಬಹುದು, ಆಗಾಗ ಒಂದೊಂದು ಹೆಣ್ಣಿಗೆ ಸರದಿಯಂತೆ ಮರಿ ಹಾಕಲು ಬಿಟ್ಟು ಫಲವತ್ತತೆ ಕಾಪಾಡಬಹುದು. ಕಷ್ಟದ ಕೆಲಸ, ದುಬಾರಿಯೂ ಹೌದು. ಮಾರಿಯಸ್ ಸತ್ತ ಮರು ತಿಂಗಳೇ ಅದೇ ಮೃಗಾಲಯ ಹೊಸ ಗಂಡು ಸಿಂಹವನ್ನು ತರುವುದಕ್ಕೆ ಎರಡು ಮುದಿ ಸಿಂಹ, ಹತ್ತು ತಿಂಗಳ ಎರಡು ಮರಿಗಳನ್ನು ಕೊಂದಿತು. ಕೊಲ್ಲುವ ದಾರಿ ಒಮ್ಮೆ ತೆರೆದಿಟ್ಟರೆ ದುಬಾರಿ ದಾರಿಯನ್ನು ಹುಡುಕುವ ಒತ್ತಡವೇ ಇಲ್ಲವಾಗುತ್ತದೆ ಎಂಬುದು ನನ್ನ ದೊಡ್ಡ ಆತಂಕ.

ಪ್ರಶ್ನೆ: ಮಕ್ಕಳ ಮುಂದೆ ಕೊಯ್ದದ್ದು ಸರಿಯೇ? (ಅದೇ ಶಿಕ್ಷಕಿ)

ಉತ್ತರ: ತಂದೆತಾಯಿ ಒಪ್ಪಿ ಕರೆತಂದಿದ್ದರೆ, ಮಗುವೂ ನೋಡಲು ಬಯಸಿದ್ದರೆ, ತಪ್ಪಿಲ್ಲ. ಜಿರಾಫೆಯ ಉದ್ದನೆಯ ಕುತ್ತಿಗೆಯಲ್ಲೂ ನಮ್ಮ ಹಾಗೆ ಏಳೇ ಮೂಳೆ ಎಂಬುದನ್ನು ಕಣ್ಣಾರೆ ಕಂಡ ಮಗು ಮರೆಯುವುದಿಲ್ಲ. ಆದರೆ ಪಾಠಕ್ಕೆ ಸಹಜವಾಗಿ ಸತ್ತ ಜಿರಾಫೆಯೂ ಆದೀತು.

ಪ್ರಶ್ನೆ: ನಾನು ಮೈಸೂರು ಮೃಗಾಲಯದಲ್ಲಿ ವರ್ಷವೂ ಒಂದು ಪ್ರಾಣಿಯನ್ನು ದತ್ತು ತೆಗೆದುಕೊಳ್ಳುತ್ತೇನೆ. ನಮ್ಮಲ್ಲೂ ಹೀಗೆ ಕೊಲ್ಲುತ್ತಾರೆಯೇ? (ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ)

ಉತ್ತರ: ಇಲ್ಲ. ಜಾಗ ಸಾಲದೆಂದು ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವ ಪದ್ಧತಿ ನಮ್ಮಲ್ಲಿಲ್ಲ. ವಾಸಿಯಾಗದ ನರಳಾಟ ಇದ್ದಾಗ ಮಾತ್ರ ದಯಾಮರಣಕ್ಕೆ ಅವಕಾಶ. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಬಂದಾಗಿನಿಂದ ನಿಯಮ ಸ್ಪಷ್ಟವಾಗಿದೆ: ಬೇಗ ಹೆಚ್ಚುವ ಪ್ರಾಣಿಗಳಲ್ಲಿ ಗಂಡು ಹೆಣ್ಣುಗಳನ್ನು ಬೇರೆ ಇಟ್ಟು, ಸಂತಾನಹರಣ ಮಾಡಿ, ಪೆಲೆಟ್ ಹಾಕಿ ಸಂಖ್ಯೆಯನ್ನು ಹಿಡಿತದಲ್ಲಿಡಬೇಕು.

ಮ್ಯಾಗ್ಡೆಬರ್ಗ್‌ನಂಥದೇ ಸಮಸ್ಯೆ ನಮ್ಮಲ್ಲೂ ಬಂದಿತ್ತು. ಚಂಡೀಗಡದ ಹತ್ತಿರದ ಛತ್‌ಬೀರ್ ಮೃಗಾಲಯದಲ್ಲಿ ಏಷ್ಯಾದ ಸಿಂಹಗಳೂ ಸರ್ಕಸ್ಸಿನಿಂದ ಬಂದ ಆಫ್ರಿಕಾ ಮೂಲದ ಸಿಂಹಗಳೂ ಕೂಡಿ ಬೆರಕೆ ಸಂತತಿ ಬೆಳೆದಿತ್ತು. ಯಾವುದನ್ನೂ ಕೊಲ್ಲಲಿಲ್ಲ. ಗಂಡುಗಳಿಗೆ ವ್ಯಾಸೆಕ್ಟಮಿ ಮಾಡಿ, ಸಾಯುವವರೆಗೆ ಸಾಕಿದರು. ಸರ್ಕಸ್ಸಿನಲ್ಲಿ ಹುಲಿ, ಸಿಂಹ ಕುಣಿಸುವುದು ನಿಷೇಧವಾದ ಮೇಲೆ ಅನಾಥವಾದ ಪ್ರಾಣಿಗಳಿಗೆ ಬನ್ನೇರುಘಟ್ಟದಲ್ಲೂ ಹೀಗೆಯೇ ಆಶ್ರಯ ಸಿಕ್ಕಿತು. ನಮ್ಮ ಬಗ್ಗೆ ನನಗೆ ಹೆಮ್ಮೆ ಇರುವ ಸಂಗತಿಗಳಲ್ಲಿ ಇದೂ ಒಂದು.

ಆದರೆ ಕೊಲ್ಲದಿರುವುದೊಂದೇ ಸಾಲದು. ಛತ್‌ಬೀರ್‌ನ ಎಷ್ಟೋ ಸಿಂಹಗಳು ರೋಗದಿಂದ ನರಳಿಯೇ ಸತ್ತವು. ಜಿಂಕೆಗಳ ವಿಷಯದಲ್ಲಂತೂ ನಾವು ನಿಯಮವನ್ನು ಕಾಗದದಲ್ಲೇ ಉಳಿಸಿದ್ದೇವೆ. ದೆಹಲಿಯ ಹೌಜ್ ಖಾಸ್ ಜಿಂಕೆ ವನದಲ್ಲಿ ಬೆರಳೆಣಿಕೆಯ ಜಿಂಕೆಗಳಿಂದ ಶುರುವಾದದ್ದು ಸುಮಾರು 600ಕ್ಕೆ ಮುಟ್ಟಿತು. 2023ರಲ್ಲಿ ಪ್ರಾಧಿಕಾರ ಅದರ ಮಾನ್ಯತೆಯನ್ನೇ ರದ್ದು ಮಾಡಿತು. ಅವುಗಳನ್ನು ರಾಜಸ್ಥಾನದ ಕಾಡುಗಳಿಗೆ ಸಾಗಿಸುವ ವಿಚಾರ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಕಿಕ್ಕಿರಿದ ಜಿಂಕೆ ಆವರಣಕ್ಕೆ ಮೇವು ಹಾಕುವ ಹೊತ್ತಿಗೆ ಹೋಗಿ ನಿಂತು ನೋಡಿ. ಕೊಂಬು ಬಲಿತ ಗಂಡು ಜಿಂಕೆಗಳು ತೊಟ್ಟಿಗೆ ಅಡ್ಡ ನಿಲ್ಲುತ್ತವೆ. ಹೆಣ್ಣುಗಳು ಸಂದಿಯಲ್ಲಿ ಮೂತಿ ತೂರಿಸುತ್ತವೆ. ಬೇಲಿಯ ಮೂಲೆಯಲ್ಲಿ ಬಡಕಲು ಮರಿಗಳು ಕಾಯುತ್ತಿರುತ್ತವೆ, ಕೊನೆಗೆ ಅವಕ್ಕೆ ಸಿಗುವುದು ತುಳಿದ ದಂಟು. ಪಕ್ಕೆಯಲ್ಲಿ ಕೊಂಬು ತಿವಿದ ಗಾಯದಲ್ಲಿ ಹುಳು ಬಿದ್ದದ್ದು ಎಷ್ಟೋ ಸಲ ವಾಸನೆ ಬಂದ ಮೇಲೆ ತಿಳಿಯುತ್ತದೆ. ಇಲ್ಲಿ ಯಾರೂ ಗುಂಡು ಹಾರಿಸಿಲ್ಲ, ಹಾಗಾಗಿ ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. ಆ ಮರಿಯ ಪಾಲಿಗೆ ಕೋಪನ್‌ಹೇಗನ್ನೇ ಮೇಲು ಎಂದು ಯಾರಾದರೂ ವಾದಿಸಿದರೆ ನನ್ನಲ್ಲಿ ಒಂದೇ ಉತ್ತರ ಇದೆ: ಎರಡೂ ಬೇಡ, ಅದು ಹುಟ್ಟುವ ಮೊದಲೇ ಗಂಡುಗಳನ್ನು ಬೇರ್ಪಡಿಸಬೇಕಿತ್ತು.

ದತ್ತು ಹಣ ಕೊಡುವ ನಿಮಗೆ ಕೇಳುವ ಅಧಿಕಾರ ಇದೆ. ಪ್ರತಿ ಮೃಗಾಲಯವೂ ವರ್ಷಕ್ಕೊಮ್ಮೆ ಪ್ರಾಣಿಗಳ ಪಟ್ಟಿ ತಯಾರಿಸಬೇಕು: ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಎಷ್ಟು ಹೊರಗೆ ಹೋದವು, ಎಷ್ಟು ಬಂದವು. ಅದನ್ನು ನೋಡಿ. ಜಿಂಕೆ, ಕೃಷ್ಣಮೃಗ, ನೀರಾನೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಈ ಸಾಲಿನಲ್ಲಿ ಎಷ್ಟು ಗಂಡುಗಳನ್ನು ಬೇರ್ಪಡಿಸಿದ್ದೀರಿ, ಎಷ್ಟಕ್ಕೆ ವ್ಯಾಸೆಕ್ಟಮಿ ಆಗಿದೆ ಎಂದು ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮುಂದಿನ ವರ್ಷ ದತ್ತು ಹಣ ಕಟ್ಟುವಾಗ, ನಿಯಮದಲ್ಲಿ ಅವಕಾಶವಿದ್ದರೆ, ಹೊಸದಾಗಿ ಹುಟ್ಟಿದ ಮರಿಯ ಬದಲು ಯಾರೂ ಕೇಳದ ಒಂದು ಮುದಿ ಪ್ರಾಣಿಯನ್ನು ಆರಿಸಿಕೊಳ್ಳಿ.